ನಿಜ ತಿಳಿದ ಮೇಲೆ ಸತ್ತವರು

ಪತ್ತೇದಾರಿ ಕಥೆಗೆ ಒಂದು ನಂಬಿಕೆ ಇರುತ್ತದೆ. ಕೊಂದವರು ಯಾರೆಂದು ತಿಳಿದುಬಿಟ್ಟರೆ ಊರು ಮತ್ತೆ ಮೊದಲಿನಂತಾಗುತ್ತದೆ ಎಂಬ ನಂಬಿಕೆ ಅದು. ಪುರುಷೋತ್ತಮ, ಅರಿಂಜಯರ ಸಾಹಸಗಳನ್ನು ಬರೆದು ಕನ್ನಡದ ಒಂದು ತಲೆಮಾರಿಗೆ ಓದಿನ ಚಟ ಹತ್ತಿಸಿದ ಎನ್. ನರಸಿಂಹಯ್ಯನವರ ಕಾದಂಬರಿಗಳಲ್ಲಿ ನಮಗೆ ಸಿಗುತ್ತಿದ್ದ ಸಮಾಧಾನ ಇದೇ. ಕಳ್ಳ ಸಿಕ್ಕಿಬಿದ್ದ, ಪುಸ್ತಕ ಮುಚ್ಚಿದೆವು, ನಿದ್ದೆ ಬಂತು.

ಕೊರಿಯಾ ಯುದ್ಧದಿಂದ ಹುಟ್ಟಿದ ಅಪರಾಧ ಕಥೆಗಳು ನನಗೆ ಈ ನಿದ್ದೆಯನ್ನು ಕೊಡುವುದಿಲ್ಲ. 1950ರ ಜೂನ್‌ನಲ್ಲಿ ಶುರುವಾದ ಆ ಯುದ್ಧ 1953ರ ಜುಲೈನಲ್ಲಿ ಕದನವಿರಾಮಕ್ಕೆ ಬಂದು ನಿಂತಿತು. ಶಾಂತಿ ಒಪ್ಪಂದ ಮಾತ್ರ ಇವತ್ತಿಗೂ ಆಗಿಲ್ಲ. ಯುದ್ಧವೇ ಮುಗಿಯದ ನಾಡಿನಲ್ಲಿ ಕೊಲೆಯ ಕಡತವೊಂದು ಹೇಗೆ ಮುಗಿದೀತು? ಕಿಮ್ ಸಾಂಗ್-ಜಾಂಗ್ ಅವರ 'ಕೊನೆಯ ಸಾಕ್ಷಿ' ಎಂಬ ಕಾದಂಬರಿ 1974ರದ್ದು. 1980ರಲ್ಲಿ ಲೀ ಡೂ-ಯಾಂಗ್ ಅದನ್ನು ಚಿತ್ರ ಮಾಡಿದರು. ಪೊಲೀಸ್ ಅಧಿಕಾರಿಯೊಬ್ಬ ಕೊಲೆಯ ಜಾಡು ಹಿಡಿದು ಹೊರಡುತ್ತಾನೆ. ಜಾಡು ಹಿಂದಕ್ಕೆ ಹಿಂದಕ್ಕೆ ಸರಿದು ಯುದ್ಧಕಾಲದಲ್ಲಿ ಜಿರಿ ಬೆಟ್ಟದಲ್ಲಿ ಅಡಗಿದ್ದ ಗೆರಿಲ್ಲಾಗಳ ತನಕ ಹೋಗುತ್ತದೆ. ಮಾಡದ ತಪ್ಪಿಗೆ ಇಪ್ಪತ್ತು ವರ್ಷ ಜೈಲಿನಲ್ಲಿ ಕೊಳೆತ ಒಬ್ಬ ಬಡಪಾಯಿ ಅಲ್ಲಿ ಎದುರಾಗುತ್ತಾನೆ. ನಿಜ ಪೂರ್ತಿ ಬಯಲಾದ ಮೇಲೆ, ಚಿತ್ರದ ಕೊನೆಯಲ್ಲಿ, ಆ ಅಧಿಕಾರಿಯೂ ಬದುಕಿ ಉಳಿಯುವುದಿಲ್ಲ.

ಇದೇ ಬಗೆಯ ಕಥೆಗಳಲ್ಲಿ ಹೆಚ್ಚು ಹೆಸರಾದದ್ದು ಪಾರ್ಕ್ ಚಾನ್-ವೂಕ್ ಅವರ 2000ನೇ ಇಸವಿಯ ಚಿತ್ರ 'ಜಾಯಿಂಟ್ ಸೆಕ್ಯುರಿಟಿ ಏರಿಯಾ'. ಪಾರ್ಕ್ ಸಾಂಗ್-ಯೋನ್ ಅವರ 'ಡಿಎಂಜೆಡ್' ಎಂಬ ಕಾದಂಬರಿ ಅದಕ್ಕೆ ಮೂಲ. ಎರಡು ಕೊರಿಯಾಗಳ ನಡುವಿನ ಗಡಿಯಲ್ಲಿ, ಉತ್ತರದ ಕಾವಲು ಕೋಣೆಯೊಂದರಲ್ಲಿ ರಾತ್ರಿ ಗುಂಡು ಹಾರಿದೆ. ಉತ್ತರದ ಇಬ್ಬರು ಸತ್ತಿದ್ದಾರೆ. ದಕ್ಷಿಣದ ಸೈನಿಕನೊಬ್ಬ ಗಾಯಗೊಂಡು ಸೇತುವೆ ದಾಟಿ ಬಂದಿದ್ದಾನೆ. ನನ್ನನ್ನು ಅಪಹರಿಸಿದ್ದರು ಎಂದು ಅವನ ಹೇಳಿಕೆ. ಅವನೇ ನುಗ್ಗಿ ಕೊಂದ ಎಂದು ಉತ್ತರದವರದ್ದು. ತಟಸ್ಥ ರಾಷ್ಟ್ರಗಳ ಕಡೆಯಿಂದ ತನಿಖೆಗೆ ಬರುವವಳು ಸ್ವಿಸ್ ಸೇನೆಯ ಮೇಜರ್ ಸೋಫಿ. ಗುಂಡುಗಳ ಲೆಕ್ಕ ತಾಳೆಯಾಗುವುದಿಲ್ಲ ಎಂಬಲ್ಲಿಂದ ಅವಳು ನಿಧಾನವಾಗಿ ನಿಜಕ್ಕೆ ಹತ್ತಿರವಾಗುತ್ತಾಳೆ. ಅಲ್ಲಿ ಹಗೆಯೇ ಇರಲಿಲ್ಲ. ಗಡಿಯ ಎರಡೂ ಕಡೆಯ ನಾಲ್ವರು ಹುಡುಗರು ರಾತ್ರಿ ಹೊತ್ತು ಕದ್ದು ಸೇರಿ ಆಟವಾಡುತ್ತಿದ್ದರು, ತಿಂಡಿ ಹಂಚಿಕೊಳ್ಳುತ್ತಿದ್ದರು. ಒಂದು ರಾತ್ರಿ ಅಧಿಕಾರಿಯೊಬ್ಬ ಒಳಗೆ ಬಂದ, ಎಲ್ಲರ ಕೈಯೂ ಬಂದೂಕಿಗೆ ಹೋಯಿತು. ಗೆಳೆತನವಿತ್ತು ಎಂದು ಒಪ್ಪಿಕೊಂಡರೆ ಎರಡೂ ದೇಶಗಳಿಗೆ ಅದು ದ್ರೋಹ. ಹಾಗಾಗಿ ಗೆಳೆತನವನ್ನು ಮುಚ್ಚಿಡಲು ಹಗೆಯ ಕಥೆ ಕಟ್ಟಬೇಕಾಯಿತು.

ಪತ್ತೇದಾರಿ ಕಥೆಯ ರೂಢಿಯನ್ನು ಈ ಚಿತ್ರ ಹೀಗೆ ತಲೆಕೆಳಗು ಮಾಡುತ್ತದೆ. ನನ್ನ ಮಟ್ಟಿಗೆ ಅದರ ಗುಟ್ಟು ಇನ್ನೂ ಒಂದು ಕಡೆ ಇದೆ, ಸೋಫಿಯ ಅಪ್ಪನ ಫೋಟೊದಲ್ಲಿ. ಅವನು ಉತ್ತರದ ಸೇನೆಯಲ್ಲಿದ್ದು ಸೆರೆಸಿಕ್ಕವನು. ಯುದ್ಧ ನಿಂತಾಗ ಉತ್ತರವೂ ಬೇಡ ದಕ್ಷಿಣವೂ ಬೇಡ ಎಂದು ಮೂರನೆಯ ದೇಶಕ್ಕೆ ಹೋದ 76 ಕೊರಿಯನ್ನರಲ್ಲಿ ಒಬ್ಬ. ಇದು ಹೊರಬಿದ್ದ ತಕ್ಷಣ ಅವಳನ್ನು ತನಿಖೆಯಿಂದ ತೆಗೆಯುತ್ತಾರೆ. ಪಕ್ಷ ಹಿಡಿಯದವನ ಮಗಳು ತಟಸ್ಥಳಲ್ಲ ಎಂಬ ವಿಚಿತ್ರ ನ್ಯಾಯ.

ಸೋಫಿಯ ಅಪ್ಪ ಕಲ್ಪನೆಯ ಪಾತ್ರ. ಆ 76 ಮಂದಿ ಕಲ್ಪನೆಯಲ್ಲ, ಮತ್ತು ಅವರ ಕಥೆಗೆ ನಮ್ಮ ಕೊಡಗಿನ ನಂಟಿದೆ. ಊರಿಗೆ ಮರಳಲು ಒಪ್ಪದ ಸುಮಾರು 22,600 ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಭಾರತ ಅಧ್ಯಕ್ಷ ಸ್ಥಾನದಲ್ಲಿತ್ತು. ಆ ಕುರ್ಚಿಯಲ್ಲಿ ಕೂತವರು ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. ಪ್ರತಿಯೊಬ್ಬ ಕೈದಿಗೂ ಅವನ ದೇಶದ ಪ್ರತಿನಿಧಿಗಳು ಡೇರೆಯೊಂದರಲ್ಲಿ ಕೂತು ತಿಳಿಹೇಳಬೇಕು, ಆಮೇಲೆ ಅವನು ಎಡಕ್ಕೋ ಬಲಕ್ಕೋ ಹೋಗಬೇಕು ಎಂಬುದು ಏರ್ಪಾಡು. ಬಹುತೇಕ ಮಂದಿ ಆ ಡೇರೆಯವರೆಗೆ ಬರಲೇ ಇಲ್ಲ. ಶಿಬಿರಗಳ ಒಳಗೆ ಮುಖಂಡರ ಹೆದರಿಕೆ ಇತ್ತು. ಕೈದಿಗಳೇ ಕೈದಿಗಳನ್ನು ಕೊಂದ ಪ್ರಕರಣಗಳೂ ಆದವು. ಕೊನೆಗೆ ಎರಡನ್ನೂ ಒಲ್ಲೆನೆಂದ 88 ಮಂದಿ, 76 ಕೊರಿಯನ್ನರು ಮತ್ತು 12 ಚೀನೀಯರು, 1954ರ ಫೆಬ್ರುವರಿಯಲ್ಲಿ ಭಾರತದ ಪಡೆಯ ಜೊತೆ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದರು. ಮುಂದೆ ಹಲವರು ಬ್ರೆಜಿಲ್‌ಗೂ ಅರ್ಜೆಂಟೀನಾಕ್ಕೂ ಹೋದರು, ಕೆಲವರು ಇಲ್ಲೇ ಉಳಿದರು. ಚೊಯ್ ಇನ್-ಹೂನ್ ಅವರ 1960ರ ಕಾದಂಬರಿ 'ಚೌಕ'ದ ನಾಯಕ ಮ್ಯಾಂಗ್-ಜುನ್ ಕೂಡ ಇಂಥವನೇ. ಭಾರತದ ಕಡೆ ಹೊರಟ 'ಟ್ಯಾಗೋರ್' ಎಂಬ ಹಡಗಿನಿಂದ ಅವನು ಕಾಣೆಯಾಗುತ್ತಾನೆ. ಕೊರಿಯಾದ ಕಥೆಗಾರರ ಮನಸ್ಸಿನಲ್ಲಿ ಭಾರತ ಹೀಗೆ ಯಾರೂ ನೆಮ್ಮದಿಯಾಗಿ ತಲುಪಲಾಗದ ಮೂರನೆಯ ದಡವಾಗಿ ಉಳಿದಿದೆ.

ಮತ್ತೆ ಸೋಫಿಯ ಬಳಿಗೆ ಬರೋಣ. ತನಿಖೆ ಕೈತಪ್ಪಿದ ಮೇಲೂ ಅವಳು ನಿಜವನ್ನು ಬಿಡುವುದಿಲ್ಲ. ದಕ್ಷಿಣದ ಸೈನಿಕನಿಗೆ, ನಿನ್ನ ಗೆಳೆಯನಿಗೆ ಮೊದಲು ತಗುಲಿದ್ದು ನಿನ್ನದೇ ಗುಂಡು ಎಂಬ ಮಾತನ್ನು ತಲುಪಿಸುತ್ತಾಳೆ. ಅವಳಲ್ಲಿ ಕೆಟ್ಟ ಉದ್ದೇಶವಿಲ್ಲ, ಕರುಣೆಯೂ ಇದೆ. ಆದರೂ ಸ್ವಲ್ಪ ಹೊತ್ತಿನಲ್ಲೇ ಅವನು ಗುಂಡು ಹಾರಿಸಿಕೊಂಡು ಸಾಯುತ್ತಾನೆ.

ಈ ದೃಶ್ಯ ನೋಡುವಾಗ ನನಗೆ ನೆನಪಾಗುವುದು ನಮ್ಮೂರಿನ ಹೆಸರು ಹೊತ್ತ ಕಥೆಗಾರ, 'ಆನಂದ' ಎಂಬ ಕಾವ್ಯನಾಮದ ಅಜ್ಜಂಪುರ ಸೀತಾರಾಮ್. ಅವರ 'ನಾನು ಕೊಂದ ಹುಡುಗಿ' ಓದದ ಕನ್ನಡ ವಿದ್ಯಾರ್ಥಿ ಕಡಿಮೆ. ಹಳ್ಳಿ ನೋಡಲು ಬಂದ ಓದಿದ ಮನುಷ್ಯ ಪಟೇಲರ ಮನೆಯಲ್ಲಿ ಇಳಿದುಕೊಳ್ಳುತ್ತಾನೆ. ಹರಕೆಗಾಗಿ ಬಸವಿಯಾದ ಆ ಮನೆಯ ಮಗಳು ಚೆನ್ನಮ್ಮ, ಅತಿಥಿಯ ಸೇವೆ ತನ್ನ ಧರ್ಮವೆಂದು ನಂಬಿ ಅವನ ಬಳಿ ಬರುತ್ತಾಳೆ. ಅವನು ಅವಳನ್ನು ಮುಟ್ಟುವುದಿಲ್ಲ. ಇದು ತಪ್ಪು ಎಂದು ತಿಳಿಹೇಳುತ್ತಾನೆ. ಅವಳಿಗೆ ಅರ್ಥವಾಗುತ್ತದೆ, ಅರ್ಥವಾದದ್ದರಿಂದಲೇ ಬಾವಿಗೆ ಬೀಳುತ್ತಾಳೆ.

ಯಾವ ಕೋರ್ಟೂ ಅವನನ್ನು ಅಪರಾಧಿ ಎನ್ನುವುದಿಲ್ಲ. ಆದರೆ ಆನಂದರು ತಪ್ಪೊಪ್ಪಿಗೆಯನ್ನೇ ಕಥೆಗೆ ಹೆಸರಾಗಿ ಇಟ್ಟರು. ಹೊರಗಿನಿಂದ ಬಂದವನು, ಅವನ ಕೈಯಲ್ಲಿ ಒಂದು ನಿಜ, ಅದನ್ನು ಕೇಳಿದವರ ಸಾವು: ಸೋಫಿಯ ಕಥೆಯೂ ಇದೇ. ವ್ಯತ್ಯಾಸ ಇರುವುದು ಮುಂದಿನ ಹೆಜ್ಜೆಯಲ್ಲಿ. ಆನಂದರ ನಿರೂಪಕ ಭಾರವನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುತ್ತಾನೆ. ಅದು ದೊಡ್ಡ ಗುಣ ನಿಜ. ಆದರೆ 'ನಾನು' ಎಂಬ ಒಂದು ಪದದ ಹಿಂದೆ ಹರಕೆ ಹೊತ್ತ ಅಪ್ಪ, ಒಪ್ಪಿದ ಊರು, ಆ ಪದ್ಧತಿಯ ಸುಖ ಉಂಡ ಗಂಡಸರು ಎಲ್ಲ ಮರೆಯಾಗುತ್ತಾರೆ. ಕೊರಿಯಾದ ಚಿತ್ರ ಎದುರು ದಿಕ್ಕಿಗೆ ವಾಲುತ್ತದೆ. ಗಡಿ, ಸೇನೆ, ಯುದ್ಧ ಎಂದು ದೊಡ್ಡ ಅಪರಾಧಿಗಳನ್ನು ತೋರಿಸುತ್ತ, ಸೋಫಿಗೆ ತನ್ನ ಪಾಲನ್ನು ಕೇಳಿಕೊಳ್ಳಲು ಸಮಯವನ್ನೇ ಕೊಡುವುದಿಲ್ಲ. ಮೂಲ ಕಾದಂಬರಿಯ ಗಂಡು ತನಿಖಾಧಿಕಾರಿಯನ್ನು ಹೆಣ್ಣಾಗಿಸಿದ ಚಿತ್ರ, ಆ ಹೆಣ್ಣಿನ ಒಳಗನ್ನು ಬರೆಯಲು ಮರೆತಿದೆ. ಅವಳ ಭಾಗಗಳು ಬಿಗಿಯಾಗಿ, ಒಣಗಿದಂತೆ ಇವೆ. ನಾಲ್ವರು ಹುಡುಗರು ಬಂದಾಗಲೇ ಚಿತ್ರ ಉಸಿರಾಡುತ್ತದೆ.

ಈ ಎರಡನ್ನೂ ಒಟ್ಟಿಗೆ ಹಿಡಿಯಬಲ್ಲ ಕೃತಿ ಹೇಗಿದ್ದೀತು? 'ನಾನು ಕೊಂದೆ' ಎನ್ನುವ ಧೈರ್ಯ, 'ಇನ್ನೂ ಯಾರು ಯಾರು?' ಎಂದು ಕೇಳುವ ತನಿಖೆ, ಎರಡೂ ಇರುವ ಕನ್ನಡ ಅಪರಾಧ ಕಾದಂಬರಿಗೆ ನಾನು ಕಾಯುತ್ತಿದ್ದೇನೆ. ವಸ್ತುವಿಗೆ ಬರವಿಲ್ಲ. ಅಜ್ಜಂಪುರದ ಸುತ್ತಿನವರಿಗೆ ಯುದ್ಧವೆಂದರೆ ಅಮೃತ್ ಮಹಲ್ ದನ. ಹೈದರ್, ಟಿಪ್ಪುವಿನ ಫಿರಂಗಿ ಎಳೆದ ತಳಿ ಈಗ ಇಲ್ಲಿಯ ಸಂವರ್ಧನಾ ಕೇಂದ್ರದಲ್ಲಿ ಮೇಯುತ್ತಿದೆ. ಅಷ್ಟು ಹಳೆಯ ಯುದ್ಧ ಯಾರನ್ನೂ ಕಾಡುವುದಿಲ್ಲ. ಆದರೆ ಕಲ್ಯಾಣ ಕರ್ನಾಟಕದಲ್ಲಿ ಹಾಗಲ್ಲ. ರಜಾಕಾರರ ಕಾಲದ ಹಿಂಸೆ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರದ ಕೊಲೆಗಳು ಬೀದರ, ಕಲಬುರಗಿಯ ಮನೆಗಳಲ್ಲಿ ಇನ್ನೂ ಮೆಲುದನಿಯ ಮಾತುಗಳೇ. ವಿಚಾರಿಸಲು ಹೋದ ಪಂಡಿತ್ ಸುಂದರ್‌ಲಾಲ್ ಸಮಿತಿಯ ವರದಿಯೇ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಅಲ್ಲಿಗೆ ಒಬ್ಬ ಪತ್ತೇದಾರನನ್ನು ಕಳಿಸಿ ನೋಡಿ. ಎರಡು ಪಕ್ಷಗಳೂ ಅವನಿಗೆ ತಮ್ಮ ತಮ್ಮ ಹೇಳಿಕೆಯನ್ನು ಸಿದ್ಧವಾಗಿಟ್ಟಿರುತ್ತವೆ.

ಕ್ಷೇತ್ರಕಾರ್ಯಕ್ಕೆಂದು ನೋಟುಪುಸ್ತಕ ಹಿಡಿದು ಹಳ್ಳಿಗಳಿಗೆ ಹೋಗುವ ವಿದ್ಯಾರ್ಥಿಗಳು ಈ ಚಿತ್ರವನ್ನೂ ಆನಂದರ ಕಥೆಯನ್ನೂ ಒಂದೇ ವಾರದಲ್ಲಿ ನೋಡಿ, ಓದಬೇಕು ಎಂಬುದು ನನ್ನ ಆಸೆ. ನಿಜವನ್ನು ಹೇಳಬಾರದು ಎಂದು ಈ ಎರಡೂ ಕೃತಿಗಳು ಹೇಳುತ್ತಿಲ್ಲ. ಚೆನ್ನಮ್ಮನಿಗೆ ಅವಳ ಬದುಕಿನ ನಿಜ ತಿಳಿಯಲೇಬೇಕಿತ್ತು; ಆ ಸೈನಿಕನಿಗೂ ಅಷ್ಟೆ. ಆದರೆ ನಿಜ ಹೇಳಿದವರು ಮಾರನೆಯ ದಿನ ಊರು ಬಿಡುತ್ತಾರೆ, ಕೇಳಿದವರು ಅದರ ಜೊತೆ ಅಲ್ಲೇ ಇರಬೇಕು. ಆ ಮಾರನೆಯ ದಿನಕ್ಕೂ ಅವರ ಪಕ್ಕದಲ್ಲಿ ನಿಲ್ಲುವವನನ್ನು ಪತ್ತೇದಾರಿ ಕಥೆ ಇನ್ನೂ ಸೃಷ್ಟಿಸಬೇಕಾಗಿದೆ.