ಗದ್ದಿಗೆಯಿಲ್ಲದ ಊರು

ಸುರಪುರ ಸೀಮೆಯಲ್ಲಿ ಹುಟ್ಟಿ, ತಿಂಥಣಿಯ ಮೌನೇಶ್ವರನ ಜಾತ್ರೆಯನ್ನು ಕಂಡು, ಕೊಡೇಕಲ್ಲ ಬಸವಣ್ಣನ ಕಾಲಜ್ಞಾನವನ್ನು ಕೇಳಿ ಬೆಳೆದವನಿಗೆ, ಲೋಕರೂಢಿಯನ್ನು ಧಿಕ್ಕರಿಸಿ ಬೇರೊಂದು ಬಾಳನ್ನು ಕಟ್ಟಹೊರಟವರು ಅಪರಿಚಿತರೇನೂ ಅಲ್ಲ. ಆದುದರಿಂದಲೇ ವ್ಯಾಸಂಗಾರ್ಥವಾಗಿ ಕೋಪನ್‌ಹೇಗನ್ನಿನಲ್ಲಿದ್ದ ಕಾಲದಲ್ಲಿ ಸಹಪಾಠಿಗಳು ಕ್ರಿಶ್ಚಿಯಾನಿಯಾ ಎಂಬ ಹಿಪ್ಪಿಗಳ ಊರನ್ನು ಎಲ್ಲಿಯೂ ಇಲ್ಲದ ವಿಸ್ಮಯವೆಂಬಂತೆ ವರ್ಣಿಸಿದುದು ನನಗೆ ಕೊಂಚ ಅತಿಶಯೋಕ್ತಿಯಾಗಿ ತೋರಿತು. ಹೋಗಿ ನೋಡಿದ ಮೇಲೆ, ವಿಸ್ಮಯವೇನೋ ಉಂಟು, ಆದರೆ ಅವರು ಬೆರಳು ಮಾಡಿದ ಕಡೆಯಲ್ಲಲ್ಲ ಎಂದು ನಿಶ್ಚಯವಾಯಿತು.

1971ರ ಸೆಪ್ಟೆಂಬರಿನಲ್ಲಿ, ಸೈನ್ಯವು ತ್ಯಜಿಸಿದ್ದ ಬ್ಯಾರಕ್ಕುಗಳ ಬೇಲಿಯನ್ನು ಮುರಿದು ಒಳಹೊಕ್ಕ ಯುವಜನರು, ಹಳೆಯ ಕೋಟೆಯ ಅಗಳಿನ ಇಕ್ಕೆಲಗಳಲ್ಲಿ ಹಬ್ಬಿದ ಸುಮಾರು 34 ಹೆಕ್ಟೇರು ನೆಲವನ್ನು ಸ್ವತಂತ್ರ ನಗರವೆಂದು ಸಾರಿದರು. ಇಂದು ಅಲ್ಲಿ ವಾಸಿಸುವವರು ಸುಮಾರು 900 ಜನ. ಒಳಗೆ ಮೋಟಾರಿಗೆ ಎಡೆಯಿಲ್ಲ. ಮುಂಭಾಗದಲ್ಲಿ ಪೆಟ್ಟಿಗೆ ಹೊತ್ತ ಮೂರು ಗಾಲಿಯ ಸೈಕಲ್ಲುಗಳಲ್ಲಿ ಕೂಸುಗಳೂ ಕಾಯಿಪಲ್ಲೆಯೂ ಸಂಚರಿಸುತ್ತವೆ. ಹೆಂಗಸರೇ ನಡೆಸುವ ಕಮ್ಮಾರಸಾಲೆಯೊಂದುಂಟು. ಹಳೆಯ ಕಿಟಕಿಗಳನ್ನು ಜೋಡಿಸಿ ಗೋಡೆಯಾಗಿಸಿದ ಮನೆಗಳು ಪ್ರವಾಸಿಗರಿಗೆ ಪ್ರಿಯ. ನನಗೆ ಆ ಗೋಡೆಗಳಿಗಿಂತ ದೊಡ್ಡದಾಗಿ ಕಂಡುದು ಅವುಗಳ ಹಿಂದಿರುವ ನಿಯಮ: ಮನೆಯನ್ನು ಕೈಯಾರೆ ಕಟ್ಟಿದವನೂ ಅದನ್ನು ಮಾರುವಂತಿಲ್ಲ, ತಿಂಗಳಿಗಿಷ್ಟೆಂದು ಸಮುದಾಯದ ಬೊಕ್ಕಸಕ್ಕೆ ಸಲ್ಲಿಸಿ ಇರತಕ್ಕದ್ದು, ತೆರವಾದ ಮನೆಗೆ ಯಾರು ಬರಬೇಕೆಂಬುದನ್ನು ಆ ಓಣಿಯ ಸಭೆಯೇ ಕೂತು ತೀರ್ಮಾನಿಸತಕ್ಕದ್ದು. ನಿವೇಶನದ ಬೆಲೆಯೇ ಮನುಷ್ಯನ ಬೆಲೆಯಾಗಿರುವ ಈ ಕಾಲದಲ್ಲಿ ಇದು ಸಾಮಾನ್ಯವಾದ ಸಾಧನೆಯಲ್ಲ.

ದೂರವಾಣಿಯಲ್ಲಿ ಇದನ್ನೆಲ್ಲ ಹೇಳಿದಾಗ ಮುತ್ಯಾ ಸಾವಧಾನದಿಂದ ಕೇಳಿ, "ಅಲ್ಲಿ ಗದ್ದಿಗಿ ಯಾರ್ದಪಾ?" ಎಂದರು. ಯಾರದೂ ಇಲ್ಲವೆಂದೆ. "ಹಂಗಾದ್ರ ಜಗಳ ಬಿಡಸವ್ರು ಯಾರು?"

ಪ್ರಶ್ನೆ ಸಣ್ಣದಲ್ಲ. ಗದ್ದಿಗೆಯ ಸ್ಥಾನದಲ್ಲಿ ಅಲ್ಲಿರುವುದು ಸಭೆ. ಬಹುಮತದ ಎಣಿಕೆಯಿಲ್ಲ, ಎಲ್ಲರೂ ಒಪ್ಪುವವರೆಗೆ ಮಾತು. 1979ರಲ್ಲಿ ಹೆರಾಯಿನ್ನಿಗೆ ತಮ್ಮವರೇ ಬಲಿಯಾಗತೊಡಗಿದಾಗ, ಆ ಜನ ಒಟ್ಟುಗೂಡಿ, ಚಿಕಿತ್ಸೆಯೋ ನಿರ್ಗಮನವೋ ಎಂದು ವ್ಯಸನಿಗಳನ್ನು ಕೇಳಿ, ಮಾರುವವರನ್ನು ಹೊರಗಟ್ಟಿದರು. ಆದರೆ ಹಶೀಶು ಮಾರುವ ಬೀದಿಯೊಂದನ್ನು ದಶಕಗಳ ಕಾಲ ಅವರೇ ಸಹಿಸಿದರು. ಎಲ್ಲರ ಒಪ್ಪಿಗೆ ಬೇಕೆಂದಾಗ, ಲಾಭವುಳ್ಳವನೊಬ್ಬ ಒಪ್ಪದಿದ್ದರೂ ಸಾಕಷ್ಟೆ! ನಾನು ಹೋದಾಗ ಆ ಬೀದಿಯಲ್ಲಿ, ಸಂತೋಷವಾಗಿರಿ, ಓಡಬೇಡಿ, ಛಾಯಾಚಿತ್ರ ತೆಗೆಯಬೇಡಿ ಎಂಬ ಫಲಕವಿತ್ತು. ಓಡುವುದಕ್ಕೂ ಅಪ್ಪಣೆಯಿಲ್ಲದ ಸ್ವಾತಂತ್ರ್ಯ! ದಂಧೆ ಪಾತಕಿಗಳ ತಂಡಗಳ ಪಾಲಾಯಿತು. 2023ರ ಆಗಸ್ಟಿನಲ್ಲಿ ಗುಂಡಿನ ದಾಳಿಗೆ ಒಬ್ಬ ಸತ್ತ ಬಳಿಕ, 2024ರ ಏಪ್ರಿಲ್ 6ರಂದು ನಿವಾಸಿಗಳೇ ಆ ಬೀದಿಯ ಕಲ್ಲುಗಳನ್ನು ಕಿತ್ತುಹಾಕಿದರು.

ತಿಂಥಣಿಯಲ್ಲಿಯೂ ಜಾತ್ರೆಯ ಕಾಲಕ್ಕೆ ಗಾಂಜಾ ಪ್ರಸಾದರೂಪವಾಗಿ ಭಕ್ತರ ಕೈಸೇರುವ ಸಂಗತಿಯನ್ನು 2020ರಲ್ಲಿ ಪತ್ರಿಕೆಗಳು ದೊಡ್ಡದಾಗಿ ಬರೆದವು. ಕಾನೂನಿನ ಕಣ್ಣಿಗೆ ಎರಡೂ ಒಂದೆ; ವಿಮರ್ಶಕನ ಕಣ್ಣಿಗಲ್ಲ. ಕೃಷ್ಣೆಯ ದಡದಲ್ಲಿ ಅದಕ್ಕೊಂದು ತಿಥಿಯುಂಟು, ಎದುರಿಗೊಂದು ಗದ್ದಿಗೆಯುಂಟು, ಪ್ರಸಾದವಾದುದರಿಂದ ಬೆಲೆಯಿಲ್ಲ. ಬೆಲೆಯಿಲ್ಲದ ಕಡೆ ಪಿಸ್ತೂಲು ಹಿಡಿದು ಕಾಯುವವನಿಗೆ ಕೆಲಸವಿಲ್ಲ. ಹಾಗೆಂದು ನಮ್ಮದನ್ನು ಹೊಗಳಿ ಕೂಡ್ರುವಂತೆಯೂ ಇಲ್ಲ. ದೇವರಗೋನಾಲದ ವಿಶ್ವಕರ್ಮರ ಮನೆಯಲ್ಲಿ ಜನಿಸಿದ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಆ ಮಹಾನುಭಾವ ಮೌನೇಶ್ವರನ ಸನ್ನಿಧಿಯಲ್ಲಿ ಒಂದೇ ನೆಲದ ಮೇಲೆ ಉಂಡವರು, ಜಾತ್ರೆ ಮುಗಿಯಿತೆಂದರೆ ಸುರಪುರಕ್ಕೂ ಶಹಾಪುರಕ್ಕೂ ಯಾದಗಿರಿಗೂ ಮರಳಿ ತಂತಮ್ಮ ಜಾತಿಯ ಓಣಿಗಳನ್ನೇ ಸೇರುತ್ತಾರೆ. ಬಾಡಿಗೆಗೆ ಮನೆ ಕೇಳಿಬಂದವನನ್ನು ಮೊದಲು ಯಾವ ಪೈಕಿಯೆಂದು ವಿಚಾರಿಸುತ್ತಾರೆ. ಸಂತನು ಜಾತ್ರೆಯ ಅಂಗಳವನ್ನು ಗೆದ್ದನು, ಮನೆಯ ಹೊಸ್ತಿಲನ್ನು ಗೆಲ್ಲಲು ನಾವು ಬಿಡಲಿಲ್ಲ. ಆ ಹಿಪ್ಪಿಗಳು ಕೈಯಿಟ್ಟುದು ಹೊಸ್ತಿಲಿಗೇ.

ಆದರೂ ಅವರ ಸಭೆಯು ಹೊಸಬರನ್ನು ಆರಿಸುವಾಗ ಆಪ್ತರ ಕಡೆಗೆ ವಾಲುತ್ತದೆಂಬ ಆಕ್ಷೇಪ ನಿರಾಧಾರವೆನಿಸದು. ತನ್ನಂತಹವರನ್ನೇ ಆರಿಸಿಕೊಂಡು ಸಮಾನತೆಯನ್ನು ಸಾಧಿಸುವುದು ಅಷ್ಟೇನೂ ಕಷ್ಟವಲ್ಲ. 2012ರಲ್ಲಿ ಪ್ರತಿಷ್ಠಾನವೊಂದನ್ನು ರಚಿಸಿ ನೆಲವನ್ನು ಸರಕಾರದಿಂದ ಕೊಂಡವರು, 2022ರಲ್ಲಿ ಅಲ್ಲಿ ಸಾರ್ವಜನಿಕ ವಸತಿಗೃಹಗಳನ್ನು ಕಟ್ಟಲು ಸಮ್ಮತಿಸಿದ್ದಾರೆ. ತಾನು ಆರಿಸದ ನೆರೆಯವನೊಡನೆ ಓಣಿ ಹೇಗೆ ಬಾಳುವುದೋ ಕಾಣುವವರೆಗೆ ಆ ಪ್ರಯೋಗಕ್ಕೆ ನಾನು ಪೂರ್ಣಾಂಕ ಕೊಡಲಾರೆ.