ರಾಜೀವನ ಹೊಲಕ್ಕೆ ನೀರು ಎಲ್ಲಿಂದ ಬಂತು?

ಹಳೆಯ ಜನಪ್ರಿಯ ಸಿನಿಮಾಗಳನ್ನು ಮತ್ತೆ ನೋಡಿದವರು ಈಗ ಎರಡು ಥರ ಮಾತಾಡುತ್ತಾರೆ. ಒಂದು, ‘ಆ ಕಾಲವೇ ಚೆನ್ನಾಗಿತ್ತು ಬಿಡಿ’ ಎನ್ನುವವರ ಮಾತು. ಇನ್ನೊಂದು, ಚಿತ್ರವನ್ನು ಕಟಕಟೆಗೆ ಹತ್ತಿಸಿ ವಿಚಾರಣೆ ಮಾಡುವವರ ಮಾತು. ‘ನಾಗರಹಾವು’ ಮತ್ತೆ ನೋಡಿದ ನನ್ನ ಗೆಳತಿಯರೆಲ್ಲ ಈ ಎರಡನೆಯ ಗುಂಪಿನವರು. ಚಾಮಯ್ಯ ಮೇಷ್ಟ್ರು ರಾಮಾಚಾರಿಯ ಬದುಕನ್ನೇ ಹಾಳುಮಾಡಿದರು, ಅಲಮೇಲು ವಿಷಯದಲ್ಲಿ ಅಡ್ಡ ಬರಲು ಅವರು ಯಾರು, ಇತ್ಯಾದಿ. ಕೇಳಬೇಕಾದ ಪ್ರಶ್ನೆಗಳೇ. ಆದರೆ ಪುಟ್ಟಣ್ಣನವರ ಚಿತ್ರವೂ ಕೊನೆಯ ದೃಶ್ಯದ ಹೊತ್ತಿಗೆ ಅದನ್ನೇ ಕೇಳಿರುತ್ತದೆ. ನಾವು ಹೊಸದಾಗಿ ಕಂಡುಹಿಡಿದಂತೆ ಹೇಳುತ್ತೇವೆ ಅಷ್ಟೆ. ತೀರ್ಪು ಮೊದಲೇ ಬರೆದಿಟ್ಟುಕೊಂಡು ಕೂತರೆ ವಿಚಾರಣೆ ಬಹಳ ಹೊತ್ತು ನಡೆಯುವುದಿಲ್ಲ.

ಈ ಎರಡಕ್ಕೂ ಸೇರದ ಪ್ರಶ್ನೆಯೊಂದನ್ನು ನಾನು ಕೇಳಿದ್ದು ನಮ್ಮ ಅಜ್ಜಿಯ ಬಾಯಲ್ಲಿ. ನಮ್ಮೂರು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ. ಶಾಲೆ ಕನ್ನಡದ್ದು, ಮನೆಮಾತು ತೆಲುಗು. ಕೈವಾರ ತಾತಯ್ಯನವರು ಎರಡೂ ಭಾಷೆಗಳಲ್ಲಿ ಹಾಡು ಕಟ್ಟಿದ ಸೀಮೆ. ಇಲ್ಲಿ ರಾಜ್‌ಕುಮಾರ್, ಎನ್‌ಟಿಆರ್ ಇಬ್ಬರೂ ಮನೆಯವರೇ. ಕಳೆದ ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಟೀವಿಯಲ್ಲಿ ‘ಬಂಗಾರದ ಮನುಷ್ಯ’ ಬರುತ್ತಿತ್ತು. ಬಂಡೆ ಒಡೆಯುವ ಹಾಡು ಮುಗಿದು ಹೊಲ ಹಸಿರಾಗುತ್ತಿದ್ದಂತೆ ಅಜ್ಜಿ ಎಲೆ ಅಡಿಕೆ ಚೀಲದಿಂದ ತಲೆ ಎತ್ತದೆಯೇ ಕೇಳಿದರು: “ನೀಳ್ಳು ಯಾಡಿವಿ?” ನೀರು ಎಲ್ಲಿಯದು ಅಂತ.

ನಾನು ಸಿನಿಮಾ ಅಧ್ಯಯನದವಳಲ್ಲ. ನನ್ನ ಪಿಎಚ್‌.ಡಿ. ನಮ್ಮ ಕಡೆಯ ಕೆರೆಗಳ ಮೇಲೆ. ತೂಬು, ಕೋಡಿ, ನೀರಗಂಟಿಯ ಹಕ್ಕು, ಹಳೆಯ ದಾಖಲೆ ಇವೇ ನನ್ನ ದಿನದ ಕೆಲಸ. ಸಿನಿಮಾ ಊಟದ ತಟ್ಟೆ ಹಿಡಿದು ನೋಡುವ ವಸ್ತು. ಹಾಗಿದ್ದೂ ಆ ಪ್ರಶ್ನೆ ನನ್ನ ಬಾಯಿಗೆ ಬರಲಿಲ್ಲ, ಅಜ್ಜಿಗೆ ಬಂತು. ಆಮೇಲೆ ಚಿತ್ರವನ್ನು ಎರಡು ಸಲ ಪೂರ್ತಿ ನೋಡಿದೆ.

ಕತೆ ಎಲ್ಲರಿಗೂ ಗೊತ್ತು. ಟಿ.ಕೆ. ರಾಮರಾವ್ ಕಾದಂಬರಿ, ಸಿದ್ದಲಿಂಗಯ್ಯ ನಿರ್ದೇಶನ, 1972. (ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದ ಲೇಖಕರೊಬ್ಬರಿಂದ ಕನ್ನಡದ ಅತಿ ದೊಡ್ಡ ಬೇಸಾಯದ ಚಿತ್ರ ಬಂದದ್ದು ನನಗೆ ಈಗಲೂ ತಮಾಷೆಯೆನಿಸುತ್ತದೆ.) ಭಾವ ತೀರಿಕೊಂಡ ಅಕ್ಕನ ಸಂಸಾರಕ್ಕಾಗಿ ರಾಜೀವ ಹಳ್ಳಿಯಲ್ಲೇ ನಿಲ್ಲುತ್ತಾನೆ, ರಾಚೂಟಪ್ಪನ ನೆರವಿನಿಂದ ಬಂಜರು ನೆಲವನ್ನು ಹಸನು ಮಾಡುತ್ತಾನೆ, ಅಕ್ಕನ ಮಕ್ಕಳನ್ನು ಓದಿಸುತ್ತಾನೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಓಡಿತು. ಇದನ್ನು ನೋಡಿ ಓದಿದ ಹುಡುಗರು ಕೆಲಸ ಬಿಟ್ಟು ಹಳ್ಳಿಗೆ ವಾಪಸು ಹೋದರು ಎಂಬ ಮಾತು ಚಿತ್ರದ ಬಗ್ಗೆ ಬಂದ ಪ್ರತಿಯೊಂದು ಬರಹದಲ್ಲೂ ಇರುತ್ತದೆ. ಹೋದವರು ಎಲ್ಲಿಗೆ ಹೋದರು, ಅಲ್ಲಿ ನಾಲೆ ಇತ್ತೋ, ಕೆರೆ ಇತ್ತೋ, ಬಾವಿ ಇತ್ತೋ, ಅದನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಒಂದು ಜನಪ್ರಿಯ ಚಿತ್ರವನ್ನು ಅರ್ಥ ಮಾಡಿಕೊಳ್ಳಲು ಒಳ್ಳೆಯ ದಾರಿ, ಅದು ಯಾವುದನ್ನು ದುಬಾರಿ ಎಂದು ಎಣಿಸುತ್ತದೆ, ಯಾವುದನ್ನು ಅಗ್ಗ ಎಂದು ಎಣಿಸುತ್ತದೆ ಎಂದು ನೋಡುವುದು. ‘ಬಂಗಾರದ ಮನುಷ್ಯ’ದಲ್ಲಿ ದುಬಾರಿಯಾದದ್ದು ಮನಸ್ಸು. ಆಗುವುದಿಲ್ಲ ಎಂದು ಕೂತವನಿಗೆ ಏನೂ ಸಿಗುವುದಿಲ್ಲ, ಎದ್ದವನಿಗೆ ಕಲ್ಲೂ ಬಾಗುತ್ತದೆ. ಮಿಕ್ಕದ್ದೆಲ್ಲ ಮನಸ್ಸಿನ ಹಿಂದೆ ತಾನಾಗಿ ಬರುತ್ತದೆ: ಹಣ ರಾಚೂಟಪ್ಪನಿಂದ, ನೀರು ನೆಲದಿಂದ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಗಿ ಮೂರೇ ವರ್ಷಕ್ಕೆ ಬಂದ ಚಿತ್ರದಲ್ಲಿ ರೈತನ ಬೆನ್ನಿಗೆ ನಿಲ್ಲುವವನು ಊರಿನ ಒಬ್ಬ ಉದಾರಿ ಹಿರಿಯ ಎಂಬುದೂ ಗಮನಿಸಬೇಕಾದದ್ದೇ. ಬಾಲಕೃಷ್ಣ ಆ ಪಾತ್ರವನ್ನು ಎಷ್ಟು ಅಕ್ಕರೆಯಿಂದ ಮಾಡಿದ್ದಾರೆಂದರೆ ಸಾಲದ ವಿಷಯ ಬಂದರೂ ನಮಗೆ ಸಾಲ ಅನ್ನಿಸುವುದಿಲ್ಲ, ತವರಿನ ಉಡುಗೊರೆ ಅನ್ನಿಸುತ್ತದೆ.

ಬಂಡೆಗಳ ನಡುವಿನ ಆ ಹಾಡಿನಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬರುತ್ತದೆ. ಅವರು ಶ್ರಮಪಡದೇ ಹೋಗಿದ್ದರೆ ಕನ್ನಂಬಾಡಿ ಇರುತ್ತಿರಲಿಲ್ಲ ಎನ್ನುವುದು ಹಾಡಿನ ವಾದ. ಪಿ.ಬಿ. ಶ್ರೀನಿವಾಸ್ ಕಂಠದಲ್ಲಿ ಅದನ್ನು ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ, ನನಗೂ. ಆದರೆ ವಿಶ್ವೇಶ್ವರಯ್ಯ ಹುಟ್ಟಿದ ಮುದ್ದೇನಹಳ್ಳಿ ಇರುವುದು ನಮ್ಮ ಜಿಲ್ಲೆಯಲ್ಲಿ. ನಂದಿ ಬೆಟ್ಟದ ಸುತ್ತಮುತ್ತ ಪಾಪಾಗ್ನಿ, ಚಿತ್ರಾವತಿ, ಪಿನಾಕಿನಿ ಹುಟ್ಟುತ್ತವೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕಟ್ಟೆ ಕಟ್ಟಲು ಮನಸ್ಸಿದ್ದರೆ ಸಾಲದು, ಅಡ್ಡಗಟ್ಟುವುದಕ್ಕೊಂದು ಕಾವೇರಿಯೂ ಬೇಕು. ಅದಿಲ್ಲದ ಕಡೆ ಹಿಂದಿನವರು ಒಂದರ ಕೆಳಗೊಂದು ಕೆರೆ ಕಟ್ಟಿದರು, ಮೇಲಿನದರ ಕೋಡಿ ನೀರು ಕೆಳಗಿನದಕ್ಕೆ. ಅದು ಒಬ್ಬ ಛಲಗಾರನ ಕೆಲಸವಲ್ಲ, ಊರೂರು ಸೇರಿ ತಲೆಮಾರುಗಟ್ಟಲೆ ಹೂಳೆತ್ತುವ, ಜಗಳವಾಡುವ, ಪಾಲು ಹಂಚಿಕೊಳ್ಳುವ ಕೆಲಸ. ಇಂಥದ್ದರ ಮೇಲೆ ಹೀರೋ ಇಟ್ಟು ಚಿತ್ರ ಮಾಡುವುದು ಕಷ್ಟ ಎಂದು ಒಪ್ಪುತ್ತೇನೆ. ಸಿದ್ದಲಿಂಗಯ್ಯ ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಊರಿನ ಜಗಳವನ್ನು ಅದ್ಭುತವಾಗಿ ತೋರಿಸಿದರು, ಆದರೆ ಅಲ್ಲಿ ಬರುವುದು ಪ್ರವಾಹ. ನೀರು ಹೆಚ್ಚಾದ ಕತೆ.

ನಮ್ಮ ಕಡೆ ಬಂಡೆ ಒಡೆಯುವ ದೃಶ್ಯ ಬೇರೆ ಥರ ಇರುತ್ತದೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ ಪಾಯಿಂಟು ತೋರಿಸುವವನು ಬರುತ್ತಾನೆ. ಆಮೇಲೆ ಬೋರ್‌ವೆಲ್ ಲಾರಿ, ಎಷ್ಟೋ ಸಲ ತಮಿಳುನಾಡಿನ ತಿರುಚೆಂಗೋಡಿನದು. ಪೂಜೆ ಮಾಡಿ ಶುರು ಮಾಡುತ್ತಾರೆ. ಅಡಿಗೆ ಇಷ್ಟು, ಕೇಸಿಂಗ್ ಪೈಪಿಗೆ ಇಷ್ಟು. ಇನ್ನೂರು ಅಡಿಯವರೆಗೆ ಊರವರೆಲ್ಲ ನಿಂತು ನೋಡುತ್ತಾರೆ, ಆರುನೂರಕ್ಕೆ ಅರ್ಧ ಜನ ಹೋಗಿರುತ್ತಾರೆ. ಸಾವಿರ ದಾಟಿದ ಮೇಲೆ ಮನೆಯವರು ಮಾತ್ರ. ಬಾಯಿಂದ ಬಿಳಿ ಪುಡಿ ಹಾರುತ್ತಲೇ ಇರುತ್ತದೆ, ಹೊಂಗೆ ಎಲೆ, ಬಟ್ಟೆ, ರೆಪ್ಪೆ ಎಲ್ಲದರ ಮೇಲೂ ಕೂರುತ್ತದೆ. ನಮ್ಮಪ್ಪ ಹೀಗೆ ಮೂರು ಬಾರಿ ನಿಂತಿದ್ದಾರೆ. ಎರಡು ಫೇಲು. ಮೂರನೆಯದರಲ್ಲಿ ಒಂದೂವರೆ ಇಂಚು ಬಂತು, ನಾಲ್ಕು ವರ್ಷ ಟೊಮೇಟೊ, ಹಿಪ್ಪುನೇರಳೆ ಬೆಳೆಸಿತು, ನಿಂತುಹೋಯಿತು. ಅಪ್ಪನಿಗೆ ಛಲ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನಿರುವುದಿಲ್ಲ. ಗ್ರಾನೈಟಿನ ಸೀಳುಗಳಲ್ಲಿ ನೀರಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಹಾಗಾದರೆ ‘ಬಂಗಾರದ ಮನುಷ್ಯ’ ನಮಗೆ ಸುಳ್ಳು ಹೇಳಿತೆ? ಮೊದಲ ಸಲ ನೋಡಿ ಮುಗಿಸಿದಾಗ ಹಾಗೇ ಅನ್ನಿಸಿತ್ತು, ಲೇಖನವೂ ಅಲ್ಲೇ ಮುಗಿಯುತ್ತಿತ್ತು. ಎರಡನೆಯ ಸಲ ನೋಡಿದಾಗ ಕಂಡದ್ದು ಇನ್ನೊಂದು ಚಿತ್ರ. ನಾವೆಲ್ಲ ನೆನಪಿಟ್ಟುಕೊಂಡಿರುವುದು ಮೊದಲರ್ಧವನ್ನು. ಸಿದ್ದಲಿಂಗಯ್ಯ ಮಾಡಿರುವುದು ಪೂರ್ತಿ ಚಿತ್ರವನ್ನು. ಪೂರ್ತಿ ಚಿತ್ರದಲ್ಲಿ ರಾಜೀವ ಸೋಲುತ್ತಾನೆ. ನೀರಿಲ್ಲದೆ ಅಲ್ಲ, ಬೆಲೆ ಸಿಗದೆಯೂ ಅಲ್ಲ. ಲಕ್ಷ್ಮಿಯನ್ನು ಹೋರಿ ತಿವಿದು ಕೊಲ್ಲುತ್ತದೆ. ಅದಾದ ಮೇಲೆ, ತಾನೇ ಓದಿಸಿದ ಸೋದರಳಿಯ ಕೇಶವ, ಊಟಕ್ಕೆ ಕೂತ ಮಾವನನ್ನು ಹಣದ ಬಗ್ಗೆ, ನಡತೆಯ ಬಗ್ಗೆ ಪ್ರಶ್ನಿಸುತ್ತಾನೆ. ರಾಜೀವ ಅನ್ನ ಬಿಟ್ಟು ಎದ್ದು ಹೊರಟುಹೋಗುತ್ತಾನೆ. ನಿಜ ತಿಳಿದು ಎಲ್ಲರೂ ಹುಡುಕಿದರೂ ತಿರುಗಿ ಬರುವುದಿಲ್ಲ.

ಹಳ್ಳಿಗೆ ಮರಳಿ ಎಂದು ಸಾರಿದ ಚಿತ್ರ ಎಂಬ ಖ್ಯಾತಿ ಇದಕ್ಕೆ. ಕೊನೆಯ ದೃಶ್ಯದಲ್ಲಿ ಅದರ ನಾಯಕ ಹಳ್ಳಿ ಬಿಟ್ಟು ಹೋಗುತ್ತಿದ್ದಾನೆ! ಐವತ್ತು ವರ್ಷಗಳಿಂದ ನಾವು ಇದನ್ನು ಕಣ್ಣೀರೊರೆಸಿಕೊಂಡು ನೋಡಿದ್ದೇವೆ, ತ್ಯಾಗ ಎಂದು ಹೆಸರಿಟ್ಟಿದ್ದೇವೆ. ರಾಜ್‌ಕುಮಾರ್ ಅಭಿನಯವೂ ಅದಕ್ಕೆ ಕಾರಣ. ಅಲ್ಲಿ ಅವರು ಮಾತಾಡುವುದು ಕಡಿಮೆ, ಆ ಮೌನದ ಮುಂದೆ ಲೆಕ್ಕ ಕೇಳುವವನು ತಾನಾಗಿ ಕೀಳಾಗಿಬಿಡುತ್ತಾನೆ. ಆದರೆ ಕೇಶವನ ಪ್ರಶ್ನೆಯ ಧ್ವನಿ ಕೆಟ್ಟದ್ದಾಗಿದ್ದರೂ ಅದರಲ್ಲೊಂದು ಸಹಜವಾದ ಸಂಗತಿ ಇದೆ. ಒಂದು ಮನೆಯ ಆದಾಯ, ಖರ್ಚು, ಗುಟ್ಟು ಎಲ್ಲವನ್ನೂ ಒಬ್ಬನೇ ಎದೆಯಲ್ಲಿಟ್ಟುಕೊಂಡು, ಯಾರಿಗೂ ಏನೂ ಹೇಳದೆ ನಡೆಸಿದರೆ ಒಂದಲ್ಲ ಒಂದು ದಿನ ಯಾರಾದರೂ ಕೇಳುತ್ತಾರೆ. ರಾಜೀವನ ಒಳ್ಳೆಯತನಕ್ಕೆ ಲೆಕ್ಕದ ಪುಸ್ತಕವಿಲ್ಲ. ಅವನ ಬೇಸಾಯ ಹೇಗೆ ಒಬ್ಬನದೋ ಅವನ ನೋವೂ ಹಾಗೇ ಒಬ್ಬನದು. ಕೆರೆಯ ನೀರನ್ನು ಬಹಿರಂಗವಾಗಿ ಹಂಚಿಕೊಂಡ ಸೀಮೆಯವಳಾಗಿ ನನಗೆ ಇದು ಗುಣಕ್ಕಿಂತ ಅಪಾಯವಾಗಿ ಕಾಣುತ್ತದೆ. ಬೋರ್‌ವೆಲ್ಲೂ ಹೀಗೇ ಅಲ್ಲವೆ? ತನ್ನ ಹೊಲದಲ್ಲಿ, ತನ್ನ ದುಡ್ಡಲ್ಲಿ, ತನ್ನೊಬ್ಬನ ಆಳಕ್ಕೆ.

ಇನ್ನೊಂದು ಮಾತು. ಕೇಶವನನ್ನು ಬೈಯುವುದು ಆಗಿನ ಪ್ರೇಕ್ಷಕರಿಗೆ ಸುಲಭವಿತ್ತು. ಈಗ ನಮ್ಮ ಹೋಬಳಿಯ ಯಾವ ಮನೆಯಲ್ಲಿ ಕೂತು ಈ ಚಿತ್ರ ನೋಡಿದರೂ ಪರದೆಯ ಮುಂದಿರುವವರಲ್ಲಿ ಕೇಶವನಂಥವರೇ ಹೆಚ್ಚು. ಟೊಮೇಟೊ ಮಾರಿದ ದುಡ್ಡಲ್ಲಿ ಹಾಸ್ಟೆಲ್ ಫೀಸು ಕಟ್ಟಿಸಿಕೊಂಡು, ಬೆಂಗಳೂರಿನಲ್ಲಿ ನೆಲೆಯಾದವರು. ನಾನೂ ಅವರಲ್ಲಿ ಒಬ್ಬಳು. ಫೆಲೋಷಿಪ್ ಹಣದಲ್ಲಿ ಕೆರೆಗಳ ಬಗ್ಗೆ ಬರೆಯುತ್ತೇನೆ, ಗದ್ದೆಗೆ ಇಳಿಯುವುದಿಲ್ಲ. ಇದರಲ್ಲಿ ನನಗೆ ನಾಚಿಕೆಯಿಲ್ಲ, ಅಪ್ಪ ಓದಿಸಿದ್ದೇ ಅದಕ್ಕೆ. ಆದರೆ ಅಳಿಯ ಕೆಟ್ಟವನಾದ್ದರಿಂದ ಮನೆ ಒಡೆಯಿತು ಎಂಬ ಚಿತ್ರದ ವಿವರಣೆ ನನಗೆ ಸಾಕಾಗುವುದಿಲ್ಲ. ನಮ್ಮ ಮನೆಗಳಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ಊಟದ ಮುಂದೆ ಯಾರನ್ನೂ ಅವಮಾನಿಸಿಲ್ಲ. ಆದರೂ ಹೊಲ ನೋಡಿಕೊಳ್ಳುವವರಿಲ್ಲ. 2016ರ ಮಾರ್ಚ್‌ನಲ್ಲಿ ಈ ಭಾಗದ ರೈತರು ಶಾಶ್ವತ ನೀರಾವರಿಗಾಗಿ ಟ್ರ್ಯಾಕ್ಟರ್‌ಗಳಲ್ಲಿ ಬೆಂಗಳೂರಿನ ಕಡೆ ಹೊರಟಾಗ ಅವರ ಮಕ್ಕಳಲ್ಲಿ ಎಷ್ಟೋ ಮಂದಿ ಆಗಲೇ ಬೆಂಗಳೂರಿನಲ್ಲಿದ್ದರು, ಡ್ಯೂಟಿಯಲ್ಲಿ. ಆಮೇಲೆ ಬಂದದ್ದು ಎಚ್.ಎನ್. ವ್ಯಾಲಿ ಯೋಜನೆ: ಬೆಂಗಳೂರು ಬಳಸಿ ಬಿಟ್ಟ ನೀರು ಶುದ್ಧೀಕರಣವಾಗಿ ನಮ್ಮ ಜಿಲ್ಲೆಯ ಕೆರೆಗಳಿಗೆ. ಮಕ್ಕಳು ಸ್ನಾನ ಮಾಡಿದ ನೀರು ಊರಿಗೆ ಬರುತ್ತದೆ, ಮಕ್ಕಳು ಬರುವುದಿಲ್ಲ ಎಂದು ನಮ್ಮೂರಲ್ಲಿ ಒಬ್ಬರು ನಗಾಡಿದ್ದನ್ನು ಕೇಳಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೂ ಇದನ್ನು ನಾನು ದೊಡ್ಡ ಚಿತ್ರ ಎಂದೇ ಎಣಿಸುತ್ತೇನೆ, ಆದರೆ ಅದರ ಭಕ್ತರು ಹೇಳುವ ಕಾರಣಕ್ಕಲ್ಲ. ಬೇಸಾಯದಿಂದ ಬಂದ ದುಡ್ಡು ಮುಂದಿನ ತಲೆಮಾರನ್ನು ಬೇಸಾಯದಿಂದಲೇ ದೂರ ಕಳಿಸುತ್ತದೆ ಎಂಬುದನ್ನು 1972ರಲ್ಲೇ, ಹಸಿರು ಕ್ರಾಂತಿಯ ಹುಮ್ಮಸ್ಸಿನ ನಡುವೆ, ಅದು ತೋರಿಸಿಬಿಟ್ಟಿತು. ಕಣ್ಣೀರಿನ ಕತೆಯೊಳಗೆ ಸುತ್ತಿಟ್ಟದ್ದರಿಂದ ಯಾರಿಗೂ ಅದು ಕೇಳಿಸಲಿಲ್ಲ.

ರಾಜೀವ ಹೋದ ಮೇಲೆ ಆ ಹೊಲವನ್ನು ಯಾರು ಉತ್ತರು ಎಂದು ಚಿತ್ರ ಹೇಳುವುದಿಲ್ಲ. ಮೊನ್ನೆ ಫೋನಿನಲ್ಲಿ ಈ ಲೇಖನದ ವಿಷಯ ಮಾತಾಡುತ್ತಾ ಅಪ್ಪನನ್ನು ಕೇಳಿದೆ, ಕೇಶವ ಆಮೇಲೆ ಏನು ಮಾಡಿರಬಹುದು ಅಂತ. ಅಪ್ಪ ಯೋಚನೆ ಮಾಡಲು ಸಮಯವನ್ನೇ ತೆಗೆದುಕೊಳ್ಳಲಿಲ್ಲ. “ಇನ್ನೇನು ಮಾಡ್ತಾನಮ್ಮ, ನೀಲಗಿರಿ ಹಾಕ್ಬಿಟ್ಟಿರ್ತಾನೆ” ಅಂದರು. ನಮ್ಮ ಕಡೆ ಮಾಲೀಕರು ಪಟ್ಟಣ ಸೇರಿದ ಹೊಲಗಳಲ್ಲಿ ಎಂಬತ್ತರ ದಶಕದಿಂದ ಬೆಳೆದದ್ದು ಅದೇ: ನೀರು ಹಾಯಿಸುವಂತಿಲ್ಲ, ಕಾಯುವಂತಿಲ್ಲ, ಕೆಲವು ವರ್ಷಕ್ಕೊಮ್ಮೆ ಕಡಿಸಿದರೆ ಕೈಗೆ ದುಡ್ಡು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಹಳೆಯ ಬುಡಗಳು ಮಾತ್ರ ಕಡಿದ ಮೇಲೂ ಚಿಗುರುತ್ತಲೇ ಇವೆ.