ವಂಶವೃಕ್ಷದ ಪಕ್ಕದಲ್ಲಿ ಒಂದು ತೂಕದ ಪುಸ್ತಕ

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷದ ಕಾದಂಬರಿಯಾಗಿ ಓದುವುದು ವಾಡಿಕೆ. ನಾನು ಅದನ್ನು ಇನ್ನೊಂದು ಪುಸ್ತಕದ ಪಕ್ಕದಲ್ಲಿಟ್ಟು ಓದಲು ಬಯಸುತ್ತೇನೆ. ಆ ಪುಸ್ತಕಕ್ಕೆ ಲೇಖಕರಿಲ್ಲ, ಕಥೆಯೂ ಇಲ್ಲ. ಅದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯ, ಹೆರಿಗೆ ದಾಖಲೆ. ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು 1934ರಿಂದ ಅದರಲ್ಲಿ ಬರೆದಿಡಲಾಗಿದೆ.

ಎರಡನ್ನೂ ಜೊತೆಗಿಡಲು ಕಾರಣವಿದೆ. ಕಾದಂಬರಿ ಬಂದದ್ದು 1965ರಲ್ಲಿ. ಅದರ ಕಥೆ ನಡೆಯುವುದು ಅದೇ ಮೈಸೂರು ಮತ್ತು ನೆರೆಯ ನಂಜನಗೂಡುಗಳಲ್ಲಿ, ಕಳೆದ ಶತಮಾನದ ಮೊದಲ ಅರ್ಧದಲ್ಲಿ. ಎರಡೂ ಪುಸ್ತಕಗಳ ಹಿಂದಿರುವ ಪ್ರಶ್ನೆಯೂ ಒಂದೇ: ಹಿರಿಯರಿಂದ ನಮಗೆ ಬಂದದ್ದೇನು? ಮಧುಮೇಹದ ಬಗ್ಗೆ ದೇಶದಾದ್ಯಂತ ನಡೆದ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಹತ್ತು ಕೋಟಿಗೂ ಹೆಚ್ಚು ಭಾರತೀಯರಿಗೆ ಸಕ್ಕರೆ ಕಾಯಿಲೆಯಿದೆ. ‘ನಮ್ಮ ಮನೆತನದಲ್ಲೇ ಇದೆ’ ಎಂಬ ಮಾತು ಕೇಳದ ಮನೆ ಈಗ ಅಪರೂಪ. ಆ ಮಾತಿನ ಅರ್ಥವೇನೆಂದು ವಿಮರ್ಶೆಯೂ ಕೇಳಬೇಕಾಗಿದೆ.

ಕಾದಂಬರಿಯ ಶ್ರೀನಿವಾಸ ಶ್ರೋತ್ರಿಗಳಿಗೆ ವಂಶವೆಂದರೆ ಅಖಂಡವಾದ ಒಂದು ಧಾರೆ. ಮಗ ನಂಜುಂಡ ಕಪಿಲೆಯಲ್ಲಿ ಮುಳುಗಿ ಸಾಯುತ್ತಾನೆ. ಸೊಸೆ ಕಾತ್ಯಾಯನಿ ಮರುಮದುವೆಯಾಗಿ ಹೊರಟಾಗ ಮೊಮ್ಮಗ ಚೀನಿ ಅಜ್ಜನ ಮನೆಯಲ್ಲೇ ಉಳಿಯುತ್ತಾನೆ, ಏಕೆಂದರೆ ಅವನು ಆ ವಂಶದ ಕುಡಿ. ಕೊನೆಗೆ, ತಾನೇ ಆ ವಂಶದ ರಕ್ತವಲ್ಲ ಎಂಬ ಸತ್ಯ ಮುದುಕನಿಗೆ ತಿಳಿಯುತ್ತದೆ. ಇಡೀ ಬದುಕನ್ನು ಯಾವ ಕಂಬಕ್ಕೆ ಕಟ್ಟಿದ್ದರೋ ಆ ಕಂಬವೇ ಇರಲಿಲ್ಲ. ಕಾದಂಬರಿಯ ದೊಡ್ಡತನವಿರುವುದು ಇಲ್ಲಿ ಎಂದು ನನಗನ್ನಿಸುತ್ತದೆ. ವಂಶ ಎಂಬುದು ರಕ್ತದ ಸಂಗತಿಯಲ್ಲ, ನಂಬಿಕೆಯ ಸಂಗತಿ ಎಂಬುದನ್ನು ಅದು ವಂಶನಿಷ್ಠನೊಬ್ಬನ ಬಾಳಿನಿಂದಲೇ ತೋರಿಸಿಬಿಡುತ್ತದೆ.

ಆದರೆ ನಮ್ಮ ಭಾಷೆ ಆ ಪಾಠವನ್ನು ಕಲಿತಂತಿಲ್ಲ. ಜೀನ್ ಎಂಬುದನ್ನು ನಾವು ‘ವಂಶವಾಹಿ’ ಎಂದು ಕರೆದೆವು. ಸಂಸ್ಕೃತದಲ್ಲಿ ವಂಶವೆಂದರೆ ಬಿದಿರು ಎಂದೂ ಅರ್ಥ: ಗೆಣ್ಣಿನ ಮೇಲೆ ಗೆಣ್ಣು, ಒಂದೇ ನೇರ ಗಳ. ಮನೆಗಳಲ್ಲಿ ತೂಗುಹಾಕುವ ವಂಶವೃಕ್ಷವೂ ಹಾಗೆಯೇ, ಒಬ್ಬ ಮೂಲಪುರುಷನಿಂದ ಹೊರಟು ಕೆಳಗೆ ಹರಡುತ್ತದೆ. ಜೀನ್‌ಗಳ ಲೆಕ್ಕ ಇದಕ್ಕೆ ತಲೆಕೆಳಗು. ನನ್ನಿಂದ ಹೊರಟರೆ ಹಿಂದಿನ ತಲೆಮಾರಿಗೆ ಇಬ್ಬರು, ಅದಕ್ಕೂ ಹಿಂದೆ ನಾಲ್ವರು, ಹತ್ತನೆಯದಕ್ಕೆ 1024 ಸ್ಥಾನಗಳು. ಗೋತ್ರದ ಪಟ್ಟಿ ಅವುಗಳಲ್ಲಿ ಒಂದನ್ನು ಮಾತ್ರ ಹೆಸರಿಸಿ ಉಳಿದವನ್ನು ಬಿಟ್ಟುಬಿಡುತ್ತದೆ.

ತಾಯಿಯ ಗೆರೆ ಹಿಡಿದರೂ ಇದೇ ಕಥೆ. ನಾನಿರುವ ಕಕ್ಕಿಂಜೆ ಚಾರ್ಮಾಡಿ ಘಾಟಿಯ ಬುಡದಲ್ಲಿದೆ. ಅಳಿಯಸಂತಾನದ ನೆನಪು ಇನ್ನೂ ಹಸಿಯಾಗಿರುವ ತುಳುನಾಡು ಇದು. ಇಲ್ಲಿ ಅನೇಕ ಸಮುದಾಯಗಳಲ್ಲಿ ‘ಕುಟುಂಬ’ ಎಂದರೆ ತಾಯಿಯ ಕಡೆಯವರು; ಬರಿ ಬರುವುದು ತಾಯಿಯಿಂದ, ದೈವಕ್ಕೆ ಸೇರುವುದು ತಾಯಿಯ ತರವಾಡು ಮನೆಯಲ್ಲಿ. ‘ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಶುಗರ್ ಇದೆಯಾ?’ ಎಂದು ಡಾಕ್ಟರು ಕೇಳಿದರೆ, ಅಜ್ಜಿ ಮತ್ತು ಸೋದರಮಾವನ ನೆನಪು ಮೊದಲು ಬರುವುದು ಸಹಜ. ಅಪ್ಪನೂ ಅವನ ಅಕ್ಕತಂಗಿಯರೂ ಬೇರೆ ಕುಟುಂಬದವರು! ಘಟ್ಟದ ಮೇಲಿನ ಗೋತ್ರ ತಾಯಂದಿರನ್ನು ಮರೆಸಿದರೆ, ಕೆಳಗಿನ ಕುಟುಂಬ ತಂದೆಯಂದಿರನ್ನು ಮರೆಸುತ್ತದೆ. ಜೀನ್‌ಗಳು ಮಾತ್ರ ಎರಡೂ ಕಡೆಯಿಂದ ಅರ್ಧರ್ಧ ಬರುತ್ತವೆ.

ಬಂದದ್ದೆಲ್ಲ ಕಾಯಿಲೆಯಾಗಿಯೇ ತೀರುತ್ತದೆಯೆ? ಒಂದೇ ಜೀನ್ ಕೆಟ್ಟು ಬರುವ ಅಪರೂಪದ ರೋಗಗಳ ಮಾತು ಬೇರೆ. ಸಾಮಾನ್ಯ ಕಾಯಿಲೆಗಳಲ್ಲಿ ನೂರಾರು ಜೀನ್‌ಗಳ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡುತ್ತವೆ. ವಯಸ್ಕರ ಸಕ್ಕರೆ ಕಾಯಿಲೆಗೆ ಸಂಬಂಧಿಸಿ 2006ರಲ್ಲಿ ಪತ್ತೆಯಾದ ‘ಟಿಸಿಎಫ್7ಎಲ್2’ ಜೀನ್‌ನ ವ್ಯತ್ಯಾಸ ಅವುಗಳಲ್ಲಿ ಪ್ರಬಲವಾದದ್ದು. ಅದರ ಒಂದು ಪ್ರತಿ ಇದ್ದರೆ ಅಪಾಯ ಹೆಚ್ಚುವುದು ಸುಮಾರು ಒಂದೂವರೆ ಪಟ್ಟಿನೊಳಗೆ. ಊಟ ಮತ್ತು ನಡಿಗೆ ಬದಲಿಸಿಕೊಂಡವರಲ್ಲಿ, ಆ ವ್ಯತ್ಯಾಸ ಇದ್ದವರಿಗೂ ಕಾಯಿಲೆಯ ಸಾಧ್ಯತೆ ಇಳಿಯಿತೆಂದು ಅಮೆರಿಕದ ಅಧ್ಯಯನವೊಂದು ಅದೇ ವರ್ಷ ತೋರಿಸಿತು. ಆನುವಂಶಿಕತೆಗೆ ನಮ್ಮಲ್ಲಿ ಎರಡು ರೂಪಕಗಳಿವೆ: ಆಸ್ತಿ ಮತ್ತು ಶಾಪ. ಎರಡೂ ಪೂರ್ತಿಯಾಗಿ ಬರುತ್ತವೆ, ಇಲ್ಲವೆ ಬರುವುದೇ ಇಲ್ಲ. ‘ಬರಬಹುದು’ ಎಂಬುದಕ್ಕೆ ನಮ್ಮಲ್ಲಿ ರೂಪಕವಿಲ್ಲ.

ಈಗ ಆ ತೂಕದ ಪುಸ್ತಕಕ್ಕೆ ಬರೋಣ. 1990ರ ದಶಕದಲ್ಲಿ ಸಂಶೋಧಕರು ಹಳೆಯ ದಾಖಲೆಗಳನ್ನು ಹಿಡಿದು, ಆ ಆಸ್ಪತ್ರೆಯಲ್ಲಿ ಹುಟ್ಟಿ ನಡುವಯಸ್ಸಿಗೆ ಬಂದಿದ್ದ 517 ಮಂದಿಯನ್ನು ಮೈಸೂರಿನಲ್ಲಿ ಹುಡುಕಿ ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ, 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ ಶೇ. 3. ಕಡಿಮೆ ತೂಕದ ಆ ಮಕ್ಕಳ ತಾಯಂದಿರು ಬಸುರಿನಲ್ಲಿ 45 ಕಿಲೋಗಿಂತ ಹಗುರವಾಗಿದ್ದರೆ ಪ್ರಮಾಣ ಶೇ. 20ಕ್ಕೆ ಏರುತ್ತಿತ್ತು.

ಅಂದರೆ ‘ಮನೆತನದಲ್ಲೇ ಇದೆ’ ಎನ್ನುವುದರ ಒಂದು ಪಾಲು ಜೀನ್‌ನದಲ್ಲ, ಊಟದ ತಟ್ಟೆಯದು. ಅರೆಹೊಟ್ಟೆಯ ತಾಯಿಯ ಗರ್ಭದಲ್ಲಿ ಬೆಳೆದ ಕೂಸಿನ ದೇಹ ಕಡಿಮೆಯಲ್ಲೇ ಬಾಳುವುದಕ್ಕೆ ಸಜ್ಜಾಗುತ್ತದೆ. ಮುಂದೆ ಹೊಟ್ಟೆತುಂಬ ಸಿಕ್ಕಾಗ ಆ ಸಿದ್ಧತೆಯೇ ಮುಳುವಾಗುತ್ತದೆ. ಹೀಗೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಬಡತನವೂ ಆನುವಂಶಿಕವಾಗಿ ಇಳಿಯುತ್ತದೆ, ಆದರೆ ಅದಕ್ಕೆ ಜೀನ್ ಬೇಕಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಓದು ಸುಲಭವಾಯಿತು, ಸರಿಯಾಗಲಿಲ್ಲ. ಇನ್ಸುಲಿನ್ ಕಡಿಮೆ ಮಾಡುವ ಕೆಲವು ಜೀನ್ ವ್ಯತ್ಯಾಸಗಳು ಗರ್ಭದಲ್ಲಿ ಕೂಸಿನ ತೂಕವನ್ನೂ ತಗ್ಗಿಸುತ್ತವೆ, ಮುಂದೆ ಸಕ್ಕರೆ ಕಾಯಿಲೆಯನ್ನೂ ತರಬಲ್ಲವು. ಹಾಗಾಗಿ ಆ ದಾಖಲೆಯಲ್ಲಿ ಹಸಿವಿನ ಜೊತೆ ಜೀನ್ ಕೂಡ ಬರೆದಿದೆ. 2009ರಲ್ಲಿ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿದ್ದ ತಂಡ ಇನ್ನೊಂದು ಸಂಗತಿ ಕಂಡುಹಿಡಿಯಿತು. ಹೃದಯದ ಸ್ನಾಯುವಿನ ಒಂದು ಜೀನ್‌ನಲ್ಲಿ 25 ಅಕ್ಷರಗಳು ಬಿಟ್ಟುಹೋದ ರೂಪ ಭಾರತೀಯರಲ್ಲಿ ಸುಮಾರು ಶೇ. 4 ಮಂದಿಯಲ್ಲಿದೆ, ಹೃದಯ ಸೋಲುವ ಅಪಾಯವನ್ನು ಅದು ಹಲವು ಪಟ್ಟು ಹೆಚ್ಚಿಸುತ್ತದೆ. ಯೌವನದಲ್ಲಿ ಅದು ಸುಮ್ಮನಿರುತ್ತದೆ. ತೊಂದರೆ ಕಾಣುವ ಹೊತ್ತಿಗೆ ಮಕ್ಕಳಿಗೆ ದಾಟಿಯಾಗಿರುತ್ತದೆ. ಜಾತಿಯೂ ಊರೂ ಅದಕ್ಕೆ ಗೊತ್ತಿಲ್ಲ.

ಮತ್ತೆ ಕಾದಂಬರಿಗೆ ಬಂದರೆ, ನನ್ನ ತಕರಾರು ಕಾತ್ಯಾಯನಿಯ ಬಗೆಗಿನದು. ಎರಡನೆಯ ಮದುವೆಯಲ್ಲಿ ಅವಳ ಬಸುರು ಮತ್ತೆ ಮತ್ತೆ ಕಳೆದುಹೋಗುತ್ತದೆ. ಆ ನೋವನ್ನು ಕಾದಂಬರಿ ಅವಳ ಪಾಪಪ್ರಜ್ಞೆಯ ಜೊತೆ ಬಿಗಿಯಾಗಿ ಹೆಣೆಯುತ್ತದೆ. ಓದುಗರಿಗೆ ಅದು ಬೆಲೆ ತೆತ್ತಂತೆ ಕಾಣುತ್ತದೆ. ಗಂಡಸರ ವಂಶ ಆಕಸ್ಮಿಕವೆಂದು ತೋರಿಸಬಲ್ಲ ಲೇಖಕರು ಹೆಂಗಸಿನ ಗರ್ಭಕ್ಕೆ ಆಕಸ್ಮಿಕದ ರಿಯಾಯಿತಿ ಕೊಡಲಿಲ್ಲ. ಗರ್ಭಪಾತಗಳಲ್ಲಿ ಬಹಳಷ್ಟು ಕ್ರೋಮೋಸೋಮುಗಳ ಲೆಕ್ಕ ತಪ್ಪಿದ್ದರಿಂದ ಆಗುವಂಥವು, ಯಾರ ನಡತೆಗೂ ಸಂಬಂಧಿಸಿದ್ದಲ್ಲ. ತೂಕದ ಪುಸ್ತಕವನ್ನೂ ಹೀಗೇ ತಪ್ಪಾಗಿ ಓದುವ ಅಪಾಯವಿದೆ: ‘ತಾಯಿ ಸರಿಯಾಗಿ ತಿನ್ನಲಿಲ್ಲ, ಮಗನ ಹೃದಯ ಕೆಟ್ಟಿತು’ ಎಂದು. 45 ಕಿಲೋ ಎಂಬುದು ಆ ತಾಯಿಯ ತಪ್ಪಲ್ಲ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಅವಳಿಗೆ ಉಳಿದದ್ದೆಷ್ಟು ಎಂಬುದರ ಸಾಕ್ಷಿ.

ಆ ದಾಖಲೆಯ ಇಂದಿನ ರೂಪ ನಮ್ಮ ಊರೂರಲ್ಲಿದೆ. ಬಸುರಿಯರಿಗೆ ಸಿಗುವ ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ರಕ್ತದ ಪ್ರಮಾಣ ಬರೆಯುತ್ತಾರೆ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲೇ ಅವರಿಗೆ ಬಿಸಿಯೂಟ ಬಡಿಸುವ ಏರ್ಪಾಡಾಯಿತು. ಅಲ್ಲಿನ ಅನ್ನ, ಸಾರು, ಮೊಟ್ಟೆಗಳನ್ನು ದಾನವೆಂದು ಕಾಣುವವರಿದ್ದಾರೆ. ನನಗೆ ಅದು ವಂಶಚರಿತ್ರೆಯನ್ನು ತಿದ್ದುವ ಕೆಲಸವಾಗಿ ಕಾಣುತ್ತದೆ. ಬಂದ ಜೀನ್‌ಗಳನ್ನು ಅಳಿಸಲಾಗದು. ಅವು ಎಂಥ ದೇಹದಲ್ಲಿ, ಎಂಥ ಮನೆಯಲ್ಲಿ ಬಾಳಬೇಕು ಎಂಬುದನ್ನು ಮಾತ್ರ ಬದಲಿಸಬಹುದು. ಶ್ರೋತ್ರಿಗಳಿಗೆ ತಮ್ಮ ವಂಶ ಕಲ್ಪಿತವೆಂದು ತಿಳಿದದ್ದು ಬಾಳಿನ ಕೊನೆಯಲ್ಲಿ. ನಮ್ಮ ಮುಂದಿನವರ ವಂಶವೃಕ್ಷ ಈಗಲೇ ಬರೆಯಲ್ಪಡುತ್ತಿದೆ, ಅಂಗನವಾಡಿಯ ತಕ್ಕಡಿಯ ಮೇಲೆ.